ಊರೂರು ಸುತ್ತಿ ಆಡುವ ಫುಟ್‌ಬಾಲ್ ಆಟಗಾರ ತಿಳಿದುಕೊಳ್ಳಬೇಕಾದ್ದು

ಮೈಸೂರು, ಮಂಡ್ಯ ಕಡೆಯ ಹುಡುಗರು ಫುಟ್‌ಬಾಲ್ ನಂಬಿ ಜೀವನ ಮಾಡಬೇಕು ಅಂದ್ರೆ ಮೊದಲು ಬೆಂಗಳೂರಿನ ರೈಲು ಹತ್ತಬೇಕು. ರಾಜ್ಯದ ಮೇಲ್ಮಟ್ಟದ ಲೀಗ್ ಆದ ಸೂಪರ್ ಡಿವಿಷನ್ ನಡೆಯೋದು ಅಲ್ಲೇ. ಅಲ್ಲಿ ಒಂದು ಸೀಸನ್ ಪೂರ್ತಿ ಆಡಿದರೆ ಗೋವಾ, ಕೇರಳ, ಕೋಲ್ಕತ್ತದ ಕ್ಲಬ್‌ಗಳಿಗೆ ತೋರಿಸೋಕೆ ಏನಾದರೂ ಇರುತ್ತದೆ. ನಾನು ರೈಟ್ ಬ್ಯಾಕ್, ಅಂದರೆ ಬಲಗಡೆಯ ಡಿಫೆಂಡರ್. ಹೆಚ್ಚುಕಮ್ಮಿ ಸೀಸನ್‌ಗೊಂದು ಜರ್ಸಿ ಹಾಕಿಕೊಂಡು ಇಲ್ಲೂ ಆಡಿದ್ದೇನೆ, ಮಾಲ್ಡೀವ್ಸ್‌ನಲ್ಲೂ ಆಡಿದ್ದೇನೆ. ನಮ್ಮಂಥವರಿಗೆ ಆಟ ಎಷ್ಟು ಮುಖ್ಯವೋ ಕಾಗದಪತ್ರವೂ ಅಷ್ಟೇ ಮುಖ್ಯ. ಆಟ ಹೇಳಿಕೊಡೋ ಕೋಚ್‌ಗಳಿದ್ದಾರೆ, ಇದನ್ನು ಹೇಳಿಕೊಡುವವರು ಕಡಿಮೆ.

ಮೊದಲು ಪಾಸ್‌ಪೋರ್ಟ್. ಅದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, 2017ರಿಂದ ಮೈಸೂರಿನ ಅಂಚೆ ಕಚೇರಿಯಲ್ಲೇ ಆಗುತ್ತದೆ. ಅರ್ಜಿ ಜೊತೆ ಎಸ್ಸೆಸ್ಸೆಲ್ಸಿ ಪಾಸಾದ ಮಾರ್ಕ್ಸ್ ಕಾರ್ಡ್ ಕೊಡೋದು ಮರೆಯಬೇಡಿ. ಇಲ್ಲದಿದ್ದರೆ ಪಾಸ್‌ಪೋರ್ಟ್ ಇಸಿಆರ್ ಆಗಬಹುದು, ಅಂದರೆ ಕೆಲವು ದೇಶಕ್ಕೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ಬಗೆಯದ್ದು. ಆಮೇಲೆ ಗಲ್ಫ್, ಮಲೇಷ್ಯಾ ಥರದ ದೇಶಕ್ಕೆ ಹೋಗುವಾಗ ಆ ಅನುಮತಿಗೆ ಅಲೆದಾಟ ಶುರು. ಹದಿನೆಂಟು ತುಂಬದ ಹುಡುಗರನ್ನು ಬೇರೆ ದೇಶದ ಕ್ಲಬ್‌ಗೆ ಸೇರಿಸಿಕೊಳ್ಳೋದಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪುವುದಿಲ್ಲ. ಅಪ್ಪ ಅಮ್ಮಂದಿರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಮಂಡ್ಯದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ಫಾರಿನ್ ಟ್ರಯಲ್ಸ್‌ಗೆ ಎರಡು ಲಕ್ಷ ಕಟ್ಟು ಅಂತಾವ್ನೆ ಏಜೆಂಟು. ಕಟ್ಬುಡ್ಲಾ?" ಕಟ್ಟಬೇಡ ಅಂದೆ. ಏಜೆಂಟ್ ದುಡಿಯಬೇಕಾದ್ದು ನಿಮಗೆ ಸಿಕ್ಕ ಕಾಂಟ್ರ್ಯಾಕ್ಟ್‌ನಿಂದ, ನಿಮ್ಮಪ್ಪ ಕಬ್ಬು ಮಾರಿದ ದುಡ್ಡಿನಿಂದ ಅಲ್ಲ. ಲೈಸೆನ್ಸ್ ಇರುವ ಏಜೆಂಟ್‌ಗಳ ಹೆಸರು ಫಿಫಾ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ನೋಡಿ. ಕ್ಲಬ್ಬಿನ ಪತ್ರ ಬಂದರೆ ಆ ಕ್ಲಬ್‌ಗೆ ನೀವೇ ಮೇಲ್ ಹಾಕಿ ಕೇಳಿ.

ಈಗ ಕಾಂಟ್ರ್ಯಾಕ್ಟ್. ಇಲ್ಲಿ ಅವಸರ ಬೇಡವೇ ಬೇಡ. ಮೇಜಿನ ಆ ಕಡೆ ಮ್ಯಾನೇಜರ್ ಪೆನ್ ತೆಗೆದು ಮುಂದಿಟ್ಟಿರುತ್ತಾರೆ. ಜರ್ಸಿ ಹಿಡಿದು ಫೋಟೊ ತೆಗೆಯೋಕೆ ಹುಡುಗ ಕಾಯ್ತಾ ಇರುತ್ತಾನೆ. ಕಾಯಲಿ ಬಿಡಿ. ರೂಮಿಗೆ ತಂದು ರಾತ್ರಿ ಕೂತು ಓದಿ. ಸಂಬಳ ಯಾವ ಕರೆನ್ಸಿಯಲ್ಲಿ, ಯಾವ ತಾರೀಖಿಗೆ? ತೆರಿಗೆ ಕಳೆದು ಕೈಗೆ ಬರುವ ಮೊತ್ತವಾ, ಕಳೆಯುವ ಮುಂಚಿನದ್ದಾ? ಮನೆ ಬಾಡಿಗೆ, ಹೋಗಿಬರುವ ಟಿಕೆಟ್ ಯಾರದು? ಮೊಣಕಾಲು ಹೋದರೆ ಆಪರೇಷನ್ ಖರ್ಚು ಯಾರದು, ಮಲಗಿರುವಷ್ಟು ದಿನ ಸಂಬಳ ಬರುತ್ತದಾ? "ಅದೆಲ್ಲ ನೋಡ್ಕೋತೀವಿ ಬಿಡಿ" ಅಂದರೆ, ಅದೇ ಮಾತನ್ನು ಬರೆದುಕೊಡಿ ಅನ್ನಿ.

ಮೆಡಿಕಲ್ ಟೆಸ್ಟ್‌ನಲ್ಲಿ ಪಾಸಾದರೆ ಮಾತ್ರ, ಕೆಲಸದ ವೀಸಾ ಸಿಕ್ಕರೆ ಮಾತ್ರ ಈ ಒಪ್ಪಂದ ಜಾರಿ ಅಂತ ಷರತ್ತು ಹಾಕುವುದು ಫಿಫಾ ನಿಯಮಕ್ಕೆ ವಿರುದ್ಧ. ಟೆಸ್ಟ್ ಏನಿದ್ದರೂ ಸಹಿಗೆ ಮುಂಚೆ ಮಾಡಿಸಿಕೊಳ್ಳಬೇಕು. ಈ ಒಂದು ಸಾಲು ಗೊತ್ತಿದ್ದರೆ ಎಷ್ಟೋ ಹುಡುಗರು ಅರ್ಧ ದಾರಿಯಿಂದ ವಾಪಸ್ ಬರುವುದು ತಪ್ಪುತ್ತದೆ. ಸಹಿಯಾದ ಒಂದು ಪ್ರತಿಯನ್ನು ಅಲ್ಲೇ ಇಸ್ಕೊಳ್ಳಿ. ಆಮೇಲೆ ಕಳಿಸ್ತೀವಿ ಅಂದರೆ ಒಪ್ಪಬೇಡಿ.

ಸಹಿ ಹಾಕಿದ ಮಾತ್ರಕ್ಕೆ ಮೈದಾನಕ್ಕೆ ಇಳಿಯೋಕೆ ಆಗಲ್ಲ. ಒಂದು ದೇಶದ ಫೆಡರೇಷನ್‌ನಿಂದ ಇನ್ನೊಂದಕ್ಕೆ ಐಟಿಸಿ ಹೋಗಬೇಕು, ಅಂದರೆ ವರ್ಗಾವಣೆ ಪತ್ರ. ಅದೂ ರಿಜಿಸ್ಟ್ರೇಷನ್ ವಿಂಡೋ, ಅಂದರೆ ಆಟಗಾರರನ್ನು ನೋಂದಾಯಿಸುವ ಅವಧಿ, ತೆರೆದಿರುವಾಗಲೇ. ವಿಂಡೋ ಮುಚ್ಚುವ ಮೊದಲೇ ಕಾಂಟ್ರ್ಯಾಕ್ಟ್ ಮುಗಿದು ಖಾಲಿ ಇದ್ದವರಿಗೆ ಮಾತ್ರ ಆಮೇಲೂ ಅವಕಾಶ ಉಂಟು.

ಸಂಬಳ ನಿಂತರೆ? ಹೊರದೇಶದ ಒಂದು ಕ್ಲಬ್‌ನಲ್ಲಿ ನನಗೂ ನಿಂತಿತ್ತು. ಜಗಳ ಆಡಬೇಡಿ, ಪ್ರಾಕ್ಟೀಸ್ ತಪ್ಪಿಸಬೇಡಿ. ತಪ್ಪಿಸಿದರೆ ತಪ್ಪು ನಿಮ್ಮ ತಲೆಗೇ ಕಟ್ಟುತ್ತಾರೆ. ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಬರವಣಿಗೆಯಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ಕೊಡಿ. ಆಗಲೂ ಕೊಡದಿದ್ದರೆ ಒಪ್ಪಂದ ಮುರಿದು ಹೊರಬರುವ ಹಕ್ಕು ನಿಮಗಿದೆ. ಬೇರೆ ದೇಶದ ಕ್ಲಬ್ ಆಗಿದ್ದರೆ ಎರಡು ವರ್ಷದೊಳಗೆ ಫಿಫಾ ನ್ಯಾಯಮಂಡಳಿಗೆ ದೂರು ಕೊಡಬಹುದು, ಆಟಗಾರನಿಗೆ ಶುಲ್ಕವಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಮೇಲ್, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ನಮ್ಮಲ್ಲಿ ಭಾರತ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾ 2006ರಲ್ಲಿ ಶುರುಮಾಡಿದ ಆಟಗಾರರ ಸಂಘವೂ ಇದೆ, ಸದಸ್ಯರಾಗಿ.

ಯಾವ ದೇಶಕ್ಕೆ ಹೋಗಬೇಕು ಅನ್ನೋ ಪ್ರಶ್ನೆಗೆ ನನ್ನ ಉತ್ತರ ಒಂದೇ: ಆಡಿಸುವ ಕಡೆಗೆ. ಭಾರತ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕನ್ಸಾಸ್ ಸಿಟಿ ಕ್ಲಬ್‌ಗೆ ಹೋದರು, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡಕ್ಕೆ ಹೋದರು. ಎರಡು ಕಡೆಯೂ ಜಾಸ್ತಿ ಆಡೋಕೆ ಸಿಗಲಿಲ್ಲ. ಅವರ ಮಟ್ಟದವರು ಅದನ್ನು ತಡೆದುಕೊಂಡರು. ನಮ್ಮಂಥವರು ಒಂದು ವರ್ಷ ಬೆಂಚಿನಲ್ಲಿ ಕೂತರೆ ಮುಂದಿನ ಸಲ ಕರೆಯುವವರು ಇರಲ್ಲ.

ಔಷಧಿ ವಿಷಯದಲ್ಲೂ ಹುಷಾರು. ಅಂಗಡಿಯಲ್ಲಿ ಸುಮ್ನೆ ಸಿಗೋ ಕೆಲವು ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಅನ್ನೋ ಔಷಧಿ ಇರುತ್ತದೆ. ಪಂದ್ಯದ ದಿನ ಮೂತ್ರ ಪರೀಕ್ಷೆಯಲ್ಲಿ ಅದು ಮಿತಿಗಿಂತ ಜಾಸ್ತಿ ಸಿಕ್ಕರೆ ಡೋಪಿಂಗ್, ಅಂದರೆ ನಿಷೇಧಿತ ಮದ್ದು ತೆಗೆದುಕೊಂಡ ಲೆಕ್ಕ. ಏನೇ ನುಂಗುವ ಮೊದಲು ಟೀಮ್ ಡಾಕ್ಟರನ್ನು ಕೇಳಿ.

ಸೀಸನ್ ಮುಗಿದು ಮೈಸೂರಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಿ. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಇಳಿಯೋದು ಮಾತ್ರ ಬಸ್ಸಿನಲ್ಲಿ. ಮೊಣಕಾಲಿಗೆ ಪೆಟ್ಟು ಇಳಿಯುವಾಗಲೇ ಜಾಸ್ತಿ.

ಕಾಂಟ್ರ್ಯಾಕ್ಟ್ ಮುಗಿಯಲು ಆರು ತಿಂಗಳು ಇರುವಾಗಲೇ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದ ಮಾಡಿಕೊಳ್ಳಲು ನಿಯಮ ಬಿಡುತ್ತದೆ. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅವತ್ತಿನಿಂದಲೇ ಕೋಚ್‌ಗಳಿಗೆ ಪಂದ್ಯದ ವಿಡಿಯೊ ಕಳಿಸಿ. ಚೆನ್ನಾಗಿ ಆಡಿದ ತುಣುಕುಗಳ ಜೊತೆ ಪೂರ್ತಿ 90 ನಿಮಿಷದ್ದೂ ಒಂದು ಇರಲಿ. ಚೆಂಡು ಇಲ್ಲದಾಗ ರೈಟ್ ಬ್ಯಾಕ್ ಎಲ್ಲಿ ನಿಂತಿರುತ್ತಾನೆ ಅನ್ನೋದನ್ನೇ ಕೋಚ್ ನೋಡೋದು. ಯಾವುದೂ ಕೂಡಿಬರದಿದ್ದರೆ ಬೆಂಗಳೂರಿಗೆ ವಾಪಸ್ ಬಂದು ಸೂಪರ್ ಡಿವಿಷನ್‌ನಲ್ಲೇ ಮತ್ತೆ ಆಡಿ. ಕೊನೇ ಪಂದ್ಯ ಯಾವಾಗ ಆಡಿದ್ದು ಅಂತ ಹೊಸ ಕ್ಲಬ್‌ನವರು ಮೊದಲೇ ಕೇಳುತ್ತಾರೆ.