ಆವಕ-ಜಾವಕ ಒಂದೇ, ಕೆಳಗೆ ಡೇಟಾಬೇಸ್ ಮೂರು

ವಿಜಯಪುರದ ಸುತ್ತಮುತ್ತಲಿನ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್‌ಗಳಿಗಾಗಿ ನಾನು ಪೈಥಾನ್‌ನಲ್ಲಿ ಬರೆದ ದಾಸ್ತಾನು ಲೆಕ್ಕದ ತಂತ್ರಾಂಶ ಮೂರು ಡೇಟಾಬೇಸ್‌ಗಳ ಮೇಲೆ ನಡೆಯುತ್ತದೆ. ತಿಕೋಟಾ ಕಡೆಯ ಸಣ್ಣ ಸ್ಟೋರೇಜ್‌ನಲ್ಲಿ ಇರುವುದೇ ಒಂದು ಕಂಪ್ಯೂಟರ್, ಅಲ್ಲಿಗೆ ಎಸ್‌ಕ್ಯೂಲೈಟ್ ಸಾಕು. ಬಿಲ್ಲಿಂಗ್‌ಗೆ ಮೊದಲೇ ಮೈಎಸ್‌ಕ್ಯೂಎಲ್ ಹಾಕಿಸಿಕೊಂಡವರು ಅದರಲ್ಲೇ ಇದನ್ನೂ ಸೇರಿಸಿ ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಗೋದಾಮು ಇದ್ದವರಿಗೆ ಪೋಸ್ಟ್‌ಗ್ರೆಸ್. ಮೇಲಿನ ಪರದೆ, ರಸೀದಿ, ಬಾಡಿಗೆ ಲೆಕ್ಕ ಮೂರಕ್ಕೂ ಒಂದೇ.

ಇಂಥ ಕೆಲಸಕ್ಕೆ ಕೈ ಹಾಕಿದವರು ಸಾಮಾನ್ಯವಾಗಿ 'ಕ್ವೆರಿ ಓಡಿಸು', 'ಸಾಲು ತಾ' ಎಂಬ ಎರಡು ಫಂಕ್ಷನ್‌ಗಳ ತೆಳು ಪದರ ಕಟ್ಟುತ್ತಾರೆ. ಅದು ನಿಲ್ಲುವುದಿಲ್ಲ. ಡೇಟಾಬೇಸ್‌ಗೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಮೇಲಿನ ಕೋಡ್‌ನಲ್ಲೇ ಉಳಿದರೆ ಮೂರಕ್ಕೂ ಒಪ್ಪುವ ವಾಕ್ಯವನ್ನಷ್ಟೇ ಬರೆಯಬೇಕಾಗುತ್ತದೆ, ಯಾವ ಡೇಟಾಬೇಸಿನ ಬಲವೂ ಉಪಯೋಗಕ್ಕೆ ಬರುವುದಿಲ್ಲ. ನನ್ನ ಇಂಟರ್‌ಫೇಸ್ (ಮೇಲಿನ ಕೋಡ್ ಡೇಟಾಬೇಸನ್ನು ತಲುಪುವ ಬಾಗಿಲು) ಮಾತಾಡುವುದು ಕೆಲಸದ ಭಾಷೆಯನ್ನು: ಆವಕ (ಒಳಬಂದ ಮಾಲು) ಬರೆ, ಜಾವಕ (ಹೊರಹೋದದ್ದು) ಬರೆ, ಲಾಟಿನ ಶಿಲ್ಕು (ಉಳಿದದ್ದು) ಹೇಳು, ರೈತನ ಖಾತೆ ತೆಗೆ. ಪ್ರತಿಯೊಂದೂ ತನ್ನಷ್ಟಕ್ಕೆ ಒಂದು ಪೂರ್ತಿ ಟ್ರಾನ್ಸಾಕ್ಷನ್: ಆದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ. ಒಳಗೆ ಆಯಾ ಡೇಟಾಬೇಸಿನ ಬ್ಯಾಕೆಂಡ್ ತನ್ನ ರೀತಿಯಲ್ಲಿ ಎಸ್‌ಕ್ಯೂಎಲ್ ಬರೆದುಕೊಳ್ಳುತ್ತದೆ. ಮೂರು ಸಲ ಬರೆಯುವ ಶ್ರಮ ಇದೆ ನಿಜ, ಆದರೆ ಈ ಫಂಕ್ಷನ್‌ಗಳು ಬೆರಳೆಣಿಕೆಯಷ್ಟೇ.

ಮೊದಲು ಗಟ್ಟಿ ಮಾಡಬೇಕಾದದ್ದು ಇಂಟರ್‌ಫೇಸ್ ದಾಟುವ ಮೌಲ್ಯಗಳ ರೂಪ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂಗೆ ಡೆಸಿಮಲ್ ಎಂದು ಬರೆದರೂ ದಶಮಾಂಶ ಫ್ಲೋಟ್ (ಅಂದಾಜು ರೂಪ) ಆಗಿಯೇ ಕೂರುತ್ತದೆ. ಉಳಿದೆರಡು ನಿಖರ ದಶಮಾಂಶ ಕೊಡುತ್ತವೆ. ಒಂದೇ ಬಾಡಿಗೆ ಬಿಲ್ ಎರಡು ಕಡೆ ಪೈಸೆಗಳಲ್ಲಿ ಬೇರೆ ಬಂದರೆ ರೈತ ನಂಬುವುದು ಹೇಗೆ? ಅದಕ್ಕೆ ಹಣ ಪೈಸೆಯಲ್ಲಿ, ತೂಕ ಗ್ರಾಂನಲ್ಲಿ, ಎಲ್ಲವೂ ಪೂರ್ಣಾಂಕ. 15 ಕೆಜಿ ಬಾಕ್ಸ್ ಎಂದರೆ 15000.

ಸಮಯವನ್ನು ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯ), ಸೆಕೆಂಡುಗಳ ಪೂರ್ಣಾಂಕವಾಗಿ ಇಡುತ್ತೇನೆ. ಬಾಡಿಗೆಯ ತಾರೀಕನ್ನು ಮಾತ್ರ ಭಾರತೀಯ ಕಾಲಮಾನದಲ್ಲಿ ಲೆಕ್ಕ ಹಾಕಿ ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಏಪ್ರಿಲ್ 1ರ ನಸುಕಿನ 2 ಗಂಟೆಗೆ ಇಳಿದ ಗಾಡಿ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 8:30. ತಾರೀಕನ್ನು ಅದರಿಂದಲೇ ತೆಗೆದರೆ ರೈತನ ಮೇಲೆ ಒಂದು ತಿಂಗಳ ಬಾಡಿಗೆ ಸುಮ್ಮನೆ ಬೀಳುತ್ತದೆ.

ಕನ್ನಡ ಹೆಸರುಗಳದ್ದು ಇನ್ನೊಂದು ತೊಡಕು. 'ಕೊಲ್ಹಾರ' ಎಂಬ ಊರಿನ 'ಕೊ'ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಹಳೆಯ ಫಾಂಟ್‌ನ ಪಟ್ಟಿಯನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಎರಡನೆಯದು ಬರಬಹುದು. ಪರದೆಯ ಮೇಲೆ ಎರಡೂ ಒಂದೇ. ಎಸ್‌ಕ್ಯೂಲೈಟ್ ಮತ್ತು ಪೋಸ್ಟ್‌ಗ್ರೆಸ್ ರೂಢಿಯಂತೆ ಹೋಲಿಸುವುದು ಬೈಟ್‌ಗಳನ್ನು, ಹಾಗಾಗಿ ಯುನೀಕ್ ಇಂಡೆಕ್ಸ್ ಇದ್ದರೂ ಎರಡು ಕೊಲ್ಹಾರ ಒಳಗೆ ಹೋಗುತ್ತವೆ. ಇಂಟರ್‌ಫೇಸ್‌ನ ಬಾಗಿಲಲ್ಲೇ ಪ್ರತಿ ಪಠ್ಯವನ್ನೂ ಎನ್‌ಎಫ್‌ಸಿ (ಕೂಡಿಸಿದ ಒಂದೇ ಸಂಕೇತದ) ರೂಪಕ್ಕೆ ತಂದು, ಹಿಂದು ಮುಂದಿನ ಖಾಲಿ ಜಾಗ ತೆಗೆದೇ ಒಳಗೆ ಬಿಡುತ್ತೇನೆ. ಮೈಎಸ್‌ಕ್ಯೂಎಲ್ 8ರ ರೂಢಿ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಇಂಗ್ಲಿಷ್ ದೊಡ್ಡಕ್ಷರ-ಸಣ್ಣಕ್ಷರಗಳನ್ನು ಒಂದೇ ಎನ್ನುತ್ತದೆ. ಲಾಟ್ ನಂಬರ್ ಕಾಲಂಗೆ ಅದು ಒಗ್ಗುವುದಿಲ್ಲ. ಅಲ್ಲಿ ಬೈನರಿ ಕೊಲೇಶನ್ ಹಾಕಿ.

ಇನ್ನು ಜಾವಕ. ಲಾಟಿನಲ್ಲಿ 40 ಬಾಕ್ಸ್ ಇವೆ, ಎರಡು ಕೌಂಟರ್‌ಗಳಲ್ಲಿ ಒಂದೇ ಹೊತ್ತಿಗೆ 30 – 30 ಬಿಡುಗಡೆ ಮಾಡುತ್ತಿದ್ದಾರೆ. ಮೊದಲು ಶಿಲ್ಕು ಓದಿ, ಕೋಡ್‌ನಲ್ಲಿ ಕಳೆದು, ಆಮೇಲೆ ಬರೆದರೆ ಇಬ್ಬರಿಗೂ 40 ಕಾಣುತ್ತದೆ, 60 ಬಾಕ್ಸ್ ಹೊರಬೀಳುತ್ತವೆ. ಒಂದೇ ಹೊತ್ತಿನ ಟ್ರಾನ್ಸಾಕ್ಷನ್‌ಗಳನ್ನು ಒಂದರಿಂದೊಂದು ಬೇರೆ ಇಡುವುದರಲ್ಲಿ ಪೋಸ್ಟ್‌ಗ್ರೆಸ್‌ನ ರೂಢಿ ಮಟ್ಟ ರೀಡ್ ಕಮಿಟೆಡ್, ಮೈಎಸ್‌ಕ್ಯೂಎಲ್‌ದು ರಿಪೀಟಬಲ್ ರೀಡ್. ಎರಡರಲ್ಲೂ ಬರೀ ಸೆಲೆಕ್ಟ್ ಇದನ್ನು ತಡೆಯದು. ನಾನು ಓದುವುದೇ ಇಲ್ಲ: 'ಶಿಲ್ಕು 30 ಅಥವಾ ಹೆಚ್ಚು ಇದ್ದರೆ ಮಾತ್ರ 30 ಕಳೆ' ಎಂಬ ಒಂದೇ ಅಪ್‌ಡೇಟ್ ಕಳಿಸಿ, ಎಷ್ಟು ಸಾಲು ಬದಲಾಯಿತು ನೋಡುತ್ತೇನೆ. ಎರಡನೆಯ ಕೌಂಟರ್ ಮೊದಲನೆಯದು ಮುಗಿಯುವ ತನಕ ಕಾದು, ಹೊಸ ಶಿಲ್ಕಿನ ಮೇಲೆ ಷರತ್ತು ನೋಡಿ, 0 ಸಾಲು ಎನ್ನುತ್ತದೆ. ಆಗ 'ಶಿಲ್ಕು ಸಾಲದು' ಎಂಬ ಎಕ್ಸೆಪ್ಶನ್. ಈ ಒಂದು ವಾಕ್ಯ ಮೂರರಲ್ಲೂ ಸರಿಯಾಗಿ ನಡೆಯುತ್ತದೆ.

ಸಾಲುಗಳ ಎಣಿಕೆಯಲ್ಲೂ ಎಚ್ಚರ ಬೇಕು. ಅಪ್‌ಡೇಟ್ ಆದ ಮೇಲೆ ಮೈಎಸ್‌ಕ್ಯೂಎಲ್ ರೂಢಿಯಂತೆ ಹೇಳುವುದು ನಿಜವಾಗಿ ಬದಲಾದ ಸಾಲುಗಳನ್ನು, ಸಿಕ್ಕ ಸಾಲುಗಳನ್ನಲ್ಲ. ರೈತನ ಮೊಬೈಲ್ ನಂಬರನ್ನು ಇದ್ದದ್ದೇ ಇದ್ದಂತೆ ಮತ್ತೆ ಸೇವ್ ಮಾಡಿದರೆ 0 ಬರುತ್ತದೆ, ಕೋಡ್ 'ಇಂಥ ರೈತ ಇಲ್ಲ' ಎನ್ನುತ್ತದೆ. ಸಂಪರ್ಕ ತೆರೆಯುವಾಗಲೇ ಫೌಂಡ್ ರೋಸ್ ಫ್ಲ್ಯಾಗ್ ಹಾಕಬೇಕು.

ದೋಷಗಳನ್ನು ಮೇಲಿನ ಕೋಡ್‌ಗೆ ಹಾಗೇ ಬಿಡಬಾರದು. ನಕಲು ಕೀಲಿಯ ದೋಷಸಂಖ್ಯೆ ಪೋಸ್ಟ್‌ಗ್ರೆಸ್‌ನಲ್ಲಿ 23505, ಮೈಎಸ್‌ಕ್ಯೂಎಲ್‌ನಲ್ಲಿ 1062, ಎಸ್‌ಕ್ಯೂಲೈಟ್‌ನಲ್ಲಿ (ಯುನೀಕ್ ಇಂಡೆಕ್ಸ್‌ಗೆ) 2067. ಮೇಲಕ್ಕೆ ಹೋಗುವುದು ನಮ್ಮದೇ 'ನಕಲು' ಒಂದು. ಡೆಡ್‌ಲಾಕ್ (ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಸಿಕ್ಕಿಕೊಳ್ಳುವುದು) ಮತ್ತು ಲಾಕ್ ಕಾಯುವ ಅವಧಿ ಮೀರಿದ್ದು ಎರಡೂ 'ಮತ್ತೆ ಪ್ರಯತ್ನಿಸು'. ಮೈಎಸ್‌ಕ್ಯೂಎಲ್ ಡೆಡ್‌ಲಾಕ್ ಆದಾಗ (1213) ಇಡೀ ಟ್ರಾನ್ಸಾಕ್ಷನ್ ಹಿಂದಕ್ಕೆ ತೆಗೆಯುತ್ತದೆ, ಕಾಯುವ ಅವಧಿ ಮೀರಿದರೆ (1205) ರೂಢಿಯಂತೆ ಕೊನೆಯ ವಾಕ್ಯವನ್ನು ಮಾತ್ರ. ಎರಡನೆಯದರಲ್ಲಿ ನಾವೇ ರೋಲ್‌ಬ್ಯಾಕ್ ಕೊಟ್ಟು, ಇಡೀ ಕೆಲಸವನ್ನು ಮೊದಲಿನಿಂದ ಓಡಿಸಬೇಕು. ಇಲ್ಲದಿದ್ದರೆ ಅರ್ಧ ಜಾವಕ ಕಮಿಟ್ (ಖಾಯಂ) ಆಗುವ ಅಪಾಯ ಇದೆ.

ಪೋಸ್ಟ್‌ಗ್ರೆಸ್‌ನ ಶಿಸ್ತು ಬೇರೆ. ಟ್ರಾನ್ಸಾಕ್ಷನ್ ನಡುವೆ ಒಂದು ವಾಕ್ಯ ತಪ್ಪಿದರೆ ರೋಲ್‌ಬ್ಯಾಕ್ ಆಗುವ ತನಕ ಮುಂದಿನ ಯಾವುದನ್ನೂ ಅದು ಒಪ್ಪುವುದಿಲ್ಲ. 'ಸೇರಿಸಿ ನೋಡು, ನಕಲಾದರೆ ಬಿಟ್ಟು ಮುಂದೆ ಹೋಗು' ಎಂಬ ಲೂಪ್ ಉಳಿದೆರಡರಲ್ಲಿ ನಡೆಯುತ್ತದೆ, ಇಲ್ಲಿ ನಕಲು ಸಿಕ್ಕ ಮುಂದಿನ ಸುತ್ತಿಗೇ ನಿಲ್ಲುತ್ತದೆ. ಇದಕ್ಕೆ ಸೇವ್‌ಪಾಯಿಂಟ್ (ನಡುವೆ ಮರಳಿ ಬರಬಹುದಾದ ಗುರುತು) ಇದೆ, ಆದರೆ ನಕಲಾದರೆ ಏನು ಮಾಡಬೇಕೆಂದು ವಾಕ್ಯದಲ್ಲೇ ಹೇಳುವ ಆನ್ ಕಾನ್‌ಫ್ಲಿಕ್ಟ್ ಇನ್ನೂ ಹಗುರ: ಪೋಸ್ಟ್‌ಗ್ರೆಸ್ 9.5ರಿಂದ, ಎಸ್‌ಕ್ಯೂಲೈಟ್ 3.24ರಿಂದ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಆನ್ ಡೂಪ್ಲಿಕೇಟ್ ಕೀ ಬಳಸಿ. ಇನ್ಸರ್ಟ್ ಇಗ್ನೋರ್ ಬೇಡ, ಅದು ನಕಲಿನ ಜೊತೆಗೆ ಬೇರೆ ದೋಷಗಳನ್ನೂ ನುಂಗುತ್ತದೆ.

ಎಸ್‌ಕ್ಯೂಲೈಟ್‌ಗೆ ಪ್ರತಿ ಸಂಪರ್ಕದಲ್ಲೂ ಫಾರಿನ್ ಕೀ ಪ್ರಾಗ್ಮಾ (ಟೇಬಲ್‌ಗಳ ನಡುವಿನ ಕೊಂಡಿ ಪರೀಕ್ಷಿಸುವ ಸೆಟ್ಟಿಂಗ್) ಆನ್ ಮಾಡಬೇಕು, ರೂಢಿಯಲ್ಲಿ ಅದು ಆಫ್. ಬರೆಯುವ ಟ್ರಾನ್ಸಾಕ್ಷನ್‌ಗಳನ್ನು, ಬರೆಯುವ ಲಾಕ್ ಮೊದಲೇ ಹಿಡಿಯುವ ಬಿಗಿನ್ ಇಮಿಡಿಯೇಟ್‌ನಿಂದಲೇ ಶುರು ಮಾಡಿ. ಓದುತ್ತಾ ಶುರುವಾಗಿ ನಡುವೆ ಬರೆಯಹೋದರೆ ಬ್ಯುಸಿ ಟೈಮ್‌ಔಟ್ ಎಷ್ಟೇ ಇಟ್ಟರೂ ಕಾಯದೆ ಸೋಲಬಹುದು. ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲ್‌ಗೆ ಬರೆಯುವ ಬಗೆ) ಇಟ್ಟವರು ಸಿಂಕ್ರೊನಸ್ ಸೆಟ್ಟಿಂಗ್ ಅನ್ನು ಫುಲ್‌ನಲ್ಲೇ ಬಿಡಿ. ನಾರ್ಮಲ್‌ಗೆ ಇಳಿಸಿದರೆ ವೇಗ ಬರುತ್ತದೆ, ಫೈಲೂ ಕೆಡುವುದಿಲ್ಲ, ಆದರೆ ಕರೆಂಟ್ ಹೋದಾಗ ಕೊನೆಯ ಕೆಲವು ನಮೂದು ಕಾಣೆಯಾಗಬಹುದು. ಪ್ರಿಂಟಾದ ರಸೀದಿ ಆಗಲೇ ರೈತನ ಕೈಯಲ್ಲಿ ಇರುತ್ತದೆ. ಡೇಟಾಬೇಸ್ ಫೈಲನ್ನು ನೆಟ್‌ವರ್ಕ್ ಶೇರ್‌ನಲ್ಲಿ ಇಟ್ಟು ಎರಡು ಕಂಪ್ಯೂಟರ್‌ನಿಂದ ತೆರೆಯುವ ಆಸೆ ಬೇಡ. ಎರಡನೇ ಕಂಪ್ಯೂಟರ್ ಬಂತೆಂದರೆ ಪೋಸ್ಟ್‌ಗ್ರೆಸ್‌ಗೆ ಹೋಗುವ ಹೊತ್ತು ಬಂತು.

ಪ್ಲೇಸ್‌ಹೋಲ್ಡರ್ (ಕ್ವೆರಿಯಲ್ಲಿ ಮೌಲ್ಯ ಕೂರುವ ಜಾಗದ ಗುರುತು) ವ್ಯತ್ಯಾಸ, ಹೊಸ ಸಾಲಿನ ಐಡಿ ಪಡೆಯುವ ಬಗೆ ಇವೆಲ್ಲ ಬ್ಯಾಕೆಂಡ್ ಒಳಗೇ ಮುಗಿಯುತ್ತವೆ.

ಟೇಬಲ್ ಬದಲಾವಣೆಯ ಫೈಲ್‌ಗಳಲ್ಲಿ ಒಂದೊಂದರಲ್ಲಿ ಒಂದೇ ಬದಲಾವಣೆ ಇಡುತ್ತೇನೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎರಡರಲ್ಲಿ ಆಲ್ಟರ್ ಟೇಬಲ್ ಅನ್ನೂ ರೋಲ್‌ಬ್ಯಾಕ್ ಮಾಡಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಅದು ತಾನಾಗಿ ಕಮಿಟ್ ಆಗುತ್ತದೆ, ಐದು ಬದಲಾವಣೆಯಲ್ಲಿ ಮೂರನೆಯದು ಸೋತರೆ ಮೊದಲೆರಡು ಉಳಿದೇಬಿಡುತ್ತವೆ.

ಪರೀಕ್ಷೆಗಳ ಕಟ್ಟು ಒಂದೇ, ಅದು ಇಂಟರ್‌ಫೇಸ್‌ನ ಫಂಕ್ಷನ್‌ಗಳನ್ನು ಮಾತ್ರ ಕರೆಯುತ್ತದೆ, ಮೂರೂ ನಿಜವಾದ ಡೇಟಾಬೇಸ್‌ಗಳ ಮೇಲೆ ಓಡುತ್ತದೆ. ಪೋಸ್ಟ್‌ಗ್ರೆಸ್ ಬದಲು ಎಸ್‌ಕ್ಯೂಲೈಟ್ ಇಟ್ಟು ಪರೀಕ್ಷಿಸಿದರೆ ಪೋಸ್ಟ್‌ಗ್ರೆಸ್‌ನದೇ ಆದ ತೊಂದರೆಗಳು ಕಣ್ಣಿಗೆ ಬೀಳುವುದಿಲ್ಲ. ಎರಡು ಕೊಲ್ಹಾರ, ಎರಡು ಕೌಂಟರ್‌ಗಳ 30 – 30, ನಸುಕಿನ ಗಾಡಿ, ಬದಲಾಗದ ಮೊಬೈಲ್ ನಂಬರ್ ಇವು ಆ ಕಟ್ಟಿನಲ್ಲಿ ಇರಲೇಬೇಕು. ನಾಳೆ ಯಾರಾದರೂ ನಾಲ್ಕನೇ ಡೇಟಾಬೇಸ್ ಕೇಳಿದರೆ, ಈ ಕಟ್ಟು ಪೂರ್ತಿ ಪಾಸಾಗುವ ತನಕ ಅದನ್ನು ಯಾವ ಸ್ಟೋರೇಜ್‌ಗೂ ಕೊಡುವುದಿಲ್ಲ.