ಲಿನಕ್ಸ್ ಕರ್ನೆಲ್‌ಗೆ ಒಂದು ಸಾಲಿನ ಪ್ಯಾಚ್ ಕಳುಹಿಸುವುದು ಹೇಗೆ?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕೊಡಲು ಬೆಂಗಳೂರಿನ ಕಂಪನಿಯ ಗುರುತಿನ ಚೀಟಿ ಬೇಕಿಲ್ಲ. ದಾವಣಗೆರೆಯ ಯುಬಿಡಿಟಿ ಅಥವಾ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿ ಭಾಷೆ ಕಲಿತು, ರಜೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತವರಿಗೂ ಅದು ಎಟುಕುತ್ತದೆ. ಕೋಡ್ ತಿದ್ದುವುದು ಬೇಗ ಮುಗಿಯುತ್ತದೆ. ಏಕೆ ತಿದ್ದಿದೆ ಎಂದು ಹೇಳುವುದರಲ್ಲೇ ಹೆಣಗಾಟ.

ಮೊದಲು ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಮೂಲಕ ಕರ್ನೆಲ್ ಕೋಡಿನ ಸ್ಟೇಜಿಂಗ್ ಟ್ರೀ ಎಂಬ ಪ್ರತಿಯನ್ನು ಇಳಿಸಿಕೊಳ್ಳಿ. ಕರ್ನೆಲ್‌ನ ಗುಣಮಟ್ಟಕ್ಕೆ ಇನ್ನೂ ಬಾರದ ಡ್ರೈವರ್‌ಗಳನ್ನು (ಯಂತ್ರಾಂಶವನ್ನು ನಡೆಸುವ ಕೋಡ್) ತಿದ್ದಿ ತೀಡುವ ಜಾಗ ಅದು; ಅದರ ಉಸ್ತುವಾರಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅವರದು. ಪೂರ್ತಿ ಇತಿಹಾಸ ಸಮೇತ ಇಳಿಸಿದರೆ ಹಲವು ಜಿಬಿ ಖರ್ಚಾಗುತ್ತದೆ. ಮೊಬೈಲ್ ಡೇಟಾ ನಂಬಿಕೊಂಡವರು ಡೆಪ್ತ್ ಆಯ್ಕೆ ಕೊಟ್ಟು ಇತ್ತೀಚಿನ ಪ್ರತಿಯನ್ನಷ್ಟೇ ತರಿಸಿಕೊಳ್ಳಲಿ.

ಯಾವುದಾದರೂ ಒಂದು ಕಡತದ ಮೇಲೆ ಕೋಡಿನ ಬರವಣಿಗೆಯ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್ ಇದೆ, ಕಾಮೆಂಟಿನಲ್ಲಿ ಕಾಗುಣಿತ ತಪ್ಪಿದೆ ಎಂದೆಲ್ಲ ಅದು ದೂರುತ್ತದೆ. ಹಾಗೆಂದು ಅದರ ಮಾತು ವೇದವಾಕ್ಯವಲ್ಲ. ಸಾಲು 80 ಅಕ್ಷರ ದಾಟಿದರೆ ಗದರುತ್ತಿದ್ದ ಅದೇ ಸ್ಕ್ರಿಪ್ಟ್ 2020ರಲ್ಲಿ ಮಿತಿಯನ್ನು 100ಕ್ಕೆ ಸಡಿಲಿಸಿತು. ತಿದ್ದಿದ ಮೇಲೆ ಓದಲು ಇನ್ನಷ್ಟು ಕಷ್ಟವಾಗುವಂತಿದ್ದರೆ ಬಿಟ್ಟುಬಿಡಿ.

ಆರ್‌ಟಿಎಲ್8723ಬಿಎಸ್ ಎಂಬ ವೈಫೈ ಡ್ರೈವರ್‌ನಲ್ಲಿ ಯಾರೂ ಬಳಸದ ಒಂದು ಮ್ಯಾಕ್ರೊ (ಕೋಡಿನ ತುಣುಕಿಗೆ ಇಟ್ಟ ಹೆಸರು) ಕಂಡಿತೆನ್ನಿ. ಗಿಟ್ ಗ್ರೆಪ್‌ನಿಂದ ಅದರ ಹೆಸರನ್ನು ಹುಡುಕಿ. ವ್ಯಾಖ್ಯಾನದ ಸಾಲೊಂದೇ ಸಿಕ್ಕಿದರೆ ಅಳಿಸಿ. ಪಕ್ಕದ ಸಾಲಿನ ಅಂತರವೂ ಕಣ್ಣಿಗೆ ಚುಚ್ಚುತ್ತದೆ. ಅದನ್ನು ಈಗ ಮುಟ್ಟಬೇಡಿ. ಒಂದು ಪ್ಯಾಚ್, ಒಂದೇ ಬದಲಾವಣೆ. ಅಂತರದ್ದು ಇನ್ನೊಂದು ಪ್ಯಾಚ್.

ಈಗ ಕಂಪೈಲ್. ಏಪ್ರಿಲ್‌ನ ದಾವಣಗೆರೆ ಬಿಸಿಲಿನಲ್ಲಿ ಹಳೆಯ ಲ್ಯಾಪ್‌ಟಾಪ್ ಮೇಲೆ ಇಡೀ ಕರ್ನೆಲ್ ಹೇರಬೇಡಿ, ಆ ಡ್ರೈವರ್‌ನ ಫೋಲ್ಡರ್ ಸಾಕು. ಆದರೆ ಯಾವ ಭಾಗ ಕಂಪೈಲ್ ಆಗಬೇಕೆಂದು ಹೇಳುವ ಕಾನ್ಫಿಗ್ ಕಡತದಲ್ಲಿ ಆ ಡ್ರೈವರ್ ಆನ್ ಆಗಿರಬೇಕು. ಇಲ್ಲದಿದ್ದರೆ ಎರರ್ ಒಂದೂ ಬರುವುದಿಲ್ಲ, ನಿಮ್ಮ ಕಡತವನ್ನು ಕಂಪೈಲರ್ ಮುಟ್ಟಿಯೂ ಇರುವುದಿಲ್ಲ.

ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವಾಗ ಬರೆಯುವ ಕಮಿಟ್ ಸಂದೇಶ ಇಂಗ್ಲಿಷಿನಲ್ಲಿರಬೇಕು. ಶೀರ್ಷಿಕೆಯಲ್ಲಿ ಮೊದಲು ಸ್ಟೇಜಿಂಗ್, ಆಮೇಲೆ ಡ್ರೈವರ್‌ನ ಹೆಸರು, ಆಮೇಲೆ ಕೆಲಸ. ಅದೂ 'ತೆಗೆ', 'ಬದಲಿಸು' ಎಂದು ಆಜ್ಞೆ ಕೊಡುವ ಧಾಟಿಯಲ್ಲಿ. 'ಕೋಡ್ ಸ್ವಚ್ಛಗೊಳಿಸಲಾಗಿದೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. 'ಈ ಮ್ಯಾಕ್ರೊವನ್ನು ಡ್ರೈವರ್‌ನಲ್ಲಿ ಎಲ್ಲೂ ಬಳಸಿಲ್ಲ, ತೆಗೆದುಹಾಕು' ಎಂಬ ಅರ್ಥ ಬಂದರೆ ಸಾಕು. 'ಚೆಕ್‌ಪ್ಯಾಚ್ ಹೇಳಿತು' ಎನ್ನುವುದು ಕಾರಣವಲ್ಲ. ಅದು ಹೇಳಿದ್ದು ಏಕೆ ಸರಿ ಎಂಬುದು ಕಾರಣ.

ಕೊನೆಯಲ್ಲಿ ಸೈನ್ಡ್-ಆಫ್-ಬೈ ಸಾಲು. ಕಮಿಟ್ ಮಾಡುವಾಗ ಎಸ್ (-s) ಆಯ್ಕೆ ಕೊಟ್ಟರೆ ತಾನೇ ಸೇರುತ್ತದೆ. ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ನಿಮ್ಮ ಘೋಷಣೆ ಅದು. ಇನಿಷಿಯಲ್ ಮುಂದಿಡುತ್ತೀರೋ ಹಿಂದಿಡುತ್ತೀರೋ ನಿಮ್ಮಿಷ್ಟ, ಕಳುಹಿಸುವವರ ಹೆಸರಿನಲ್ಲೂ ಇಲ್ಲೂ ಒಂದೇ ರೀತಿ ಇರಲಿ.

ಫಾರ್ಮ್ಯಾಟ್-ಪ್ಯಾಚ್ ಆದೇಶದಿಂದ ಪ್ಯಾಚ್ ಕಡತ ಮಾಡಿ, ಅದರ ಮೇಲೂ ಚೆಕ್‌ಪ್ಯಾಚ್ ಓಡಿಸಿ. ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಯಾರಿಗೆಲ್ಲ ಕಳುಹಿಸಬೇಕೆಂದು ತಿಳಿಸುತ್ತದೆ. ಜಿಮೇಲ್‌ನ ವೆಬ್ ಪುಟದಲ್ಲಿ ಅಂಟಿಸಿ ಕಳುಹಿಸಿದಿರೋ ಕೆಟ್ಟಿತು: ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ ಪ್ಯಾಚ್ ಅಂಟುವುದೇ ಇಲ್ಲ. ಗಿಟ್ ಸೆಂಡ್-ಇಮೇಲ್ ಬಳಸಿ. ಜಿಮೇಲ್ ಖಾತೆಯಾದರೆ ಎರಡು ಹಂತದ ಪರಿಶೀಲನೆ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಪಡೆದುಕೊಳ್ಳಿ. ಮೊದಲು ನಿಮಗೇ ಒಂದು ಕಳುಹಿಸಿಕೊಂಡು ನೋಡಿ.

ಕನಿಷ್ಠ ಒಂದು ವಾರ ಕಾಯಿರಿ. ಉತ್ತರ ಒರಟಾಗಿ ಕಂಡರೂ ಅದು ಕೋಡ್ ಕುರಿತದ್ದು. ಬದಲಾವಣೆ ಕೇಳಿದರೆ ಹೊಸ ಆವೃತ್ತಿಗೆ ವಿ2 ಎಂದು ಹೆಸರಿಟ್ಟು, ಏನು ಬದಲಾಯಿತೆಂದು ಪ್ಯಾಚ್ ಕಡತದಲ್ಲಿ ಕಮಿಟ್ ಸಂದೇಶದ ನಂತರ ಬರುವ ಮೂರು ಅಡ್ಡಗೆರೆಗಳ (---) ಕೆಳಗೆ ಬರೆಯಿರಿ. ಅಲ್ಲಿ ಬರೆದದ್ದು ಗಿಟ್ ಇತಿಹಾಸಕ್ಕೆ ಸೇರುವುದಿಲ್ಲ. ಒಪ್ಪಿಗೆಯಾದ ಪ್ಯಾಚ್ ಮೊದಲು ಸ್ಟೇಜಿಂಗ್ ಟ್ರೀಗೆ, ಮುಂದಿನ ಮರ್ಜ್ ವಿಂಡೋ (ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಅವಧಿ) ತೆರೆದಾಗ ಲಿನಕ್ಸ್ ಸೃಷ್ಟಿಕರ್ತ ಲೀನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಟ್ರೀಗೆ ಹೋಗುತ್ತದೆ.