ಮ್ಯಾಪ್ ಅವನ ಕೈಯಲ್ಲೇ ಇರಲಿ

2016ರ ಬೇಸಿಗೆಯಲ್ಲಿ ನಾನು ಒಬ್ಬ ಹುಡುಗನ ಕೈಯಿಂದ ಮ್ಯಾಪ್ ಕಿತ್ತುಕೊಂಡೆ. ಅವನಿಗೆ ಹದಿನೈದು ವರ್ಷ. ದಾರಿ ಎರಡಾಗುವ ಕಡೆ ನಿಂತು ಮ್ಯಾಪನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡುತ್ತಿದ್ದ. ಹಿಂದೆ ಏಳು ಹುಡುಗರು ಕಾಯುತ್ತಿದ್ದರು. ಕತ್ತಲಾಗಲು ಇನ್ನೂ ಮೂರು ಗಂಟೆ ಇತ್ತು. ಮಳೆ ಇರಲಿಲ್ಲ, ಯಾರಿಗೂ ಪೆಟ್ಟಾಗಿರಲಿಲ್ಲ. ಆದರೂ ನನಗೆ ತಡೆಯಲಾಗಲಿಲ್ಲ. "ಕೊಡು ಇಲ್ಲಿ" ಅಂದೆ, ಬೆರಳಿಟ್ಟು ದಾರಿ ತೋರಿಸಿದೆ, ಮುಂದೆ ನಡೆದೆ. ಉಳಿದ ಎರಡು ದಿನ ಅವನು ಮ್ಯಾಪ್ ಮುಟ್ಟಲಿಲ್ಲ. ಮುಂದಿನ ವರ್ಷ ಬರಲೂ ಇಲ್ಲ.

ಈ ಕೆಲಸದಲ್ಲಿ ನಾನು ಕಲಿತದ್ದಕ್ಕೆಲ್ಲ ಆ ಒಂದು ನಿಮಿಷವೇ ಬೇರು.

ನಾನು ಕೊಪ್ಪದ ಕಡೆಯವನು. ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ವರ್ಷಕ್ಕೊಮ್ಮೆ ಓಕ್ಲಂಡ್ ಶಹರದ ಎಂಟು ಹೈಸ್ಕೂಲ್ ಹುಡುಗರನ್ನು ಒಂದು ಸಣ್ಣ ಗುಂಪಿನ ಮೂಲಕ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇವೆ. ಹೆಚ್ಚಿನವರು ಕಪ್ಪು ಹುಡುಗರು, ಇಬ್ಬರು ಮೂವರು ಲ್ಯಾಟಿನೊ ಮನೆಗಳವರು. ಅಮೆರಿಕದಲ್ಲಿ ಇವರನ್ನೆಲ್ಲ ಸೇರಿಸಿ 'ಬಣ್ಣದ ಹುಡುಗರು' ಅಂತಾರೆ. ಆ ಲೆಕ್ಕದಲ್ಲಿ ನಾನೂ ಬಣ್ಣದವನೇ. ಆದರೆ ಕಾಡಿನಲ್ಲಿ ನನ್ನನ್ನು ನೋಡುವ ಕಣ್ಣು ಬೇರೆ, ಅವರನ್ನು ನೋಡುವ ಕಣ್ಣು ಬೇರೆ. ಇದು ನನಗೆ ತಡವಾಗಿ ಗೊತ್ತಾಯಿತು.

ಮೊದಲೇ ಒಂದು ಮಾತು. ನಾನೊಬ್ಬನೇ ಆಗಿದ್ದರೆ ಇದು ಆಗುತ್ತಲೇ ಇರಲಿಲ್ಲ, ಆಗಲೂಬಾರದು. ನನ್ನ ಜೊತೆಗಾರ ಓಕ್ಲಂಡ್‌ನಲ್ಲೇ ಹುಟ್ಟಿ ಬೆಳೆದ ಕಪ್ಪು ಮನುಷ್ಯ. ಬಸ್ ಓಡಿಸುತ್ತಾನೆ. ಹುಡುಗರು ಮೊದಲ ದಿನ ಟೆಂಟ್ ನೋಡುವುದಕ್ಕಿಂತ ಜಾಸ್ತಿ ಅವನನ್ನು ನೋಡುತ್ತಾರೆ. ತಮ್ಮ ಹಾಗೇ ಇರುವ ಒಬ್ಬ ದೊಡ್ಡ ಗಂಡಸು, ತಮ್ಮ ಬೀದಿಯ ಮಾತನ್ನೇ ಆಡುವವನು, ಸ್ಟೋವ್ ಹಚ್ಚಿ ಆರಾಮಾಗಿ ಕಾಡಿನಲ್ಲಿ ಕೂತಿದ್ದಾನೆ. ನೂರು ಭಾಷಣ ಮಾಡಿದರೂ ಅಷ್ಟು ತಲುಪುವುದಿಲ್ಲ. ಆದ್ದರಿಂದ ಅವನು ಮುಂದೆ, ನಾನು ಹಿಂದೆ. ಅಕ್ಕಿ, ಔಷಧಿ, ಪರ್ಮಿಟ್, ಫಾರಂಗಳು ನನ್ನ ಪಾಲು.

ಮಲೆನಾಡಿನಲ್ಲಿ ನಾನು ಶಾಲೆಗೆ ಹೋಗುತ್ತಿದ್ದದ್ದೇ ಕಾಡಿನ ಕಾಲುದಾರಿಯಲ್ಲಿ. ಕಾಲಿಗೆ ಉಂಬಳ, ತಲೆಗೆ ಕೊಪ್ಪೆ. ಕಾಡು ಅಂದರೆ ಮನೆಯ ಹಿತ್ತಲು. ಅದಕ್ಕೇ ಈ ಹುಡುಗರ ಹೆದರಿಕೆ ನನಗೆ ಮೊದಲು ಅರ್ಥವಾಗಲಿಲ್ಲ. ಪೇಟೆಯ ಮಕ್ಕಳು, ಅಭ್ಯಾಸ ಇಲ್ಲ, ಅಷ್ಟೇ ಅಂದುಕೊಂಡಿದ್ದೆ.

ಅದನ್ನು ತಿದ್ದಿದವರು ಒಬ್ಬ ಹುಡುಗನ ಅಜ್ಜಿ. ಲೂಸಿಯಾನಾ ಕಡೆಯವರು. ಎರಡನೇ ಮಹಾಯುದ್ಧದ ಹೊತ್ತಿಗೆ ಓಕ್ಲಂಡ್ ಹತ್ತಿರದ ರಿಚ್ಮಂಡ್‌ನ ಹಡಗು ಕಟ್ಟುವ ಕಟ್ಟೆಗಳಲ್ಲಿ ಕೆಲಸ ಸಿಗುತ್ತದೆ ಅಂತ ಲೂಸಿಯಾನಾ, ಟೆಕ್ಸಾಸ್ ಕಡೆಯಿಂದ ಸಾವಿರಾರು ಕಪ್ಪು ಕುಟುಂಬಗಳು ಇಲ್ಲಿಗೆ ಬಂದವು. ಅವರದ್ದೂ ಅಂಥ ಮನೆ. ಒಪ್ಪಿಗೆ ಫಾರಂ ಮುಂದಿಟ್ಟರೆ ಸಹಿ ಹಾಕಲಿಲ್ಲ. ನಮ್ಮ ಕಡೆ ಕಪ್ಪು ಗಂಡಸರನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದದ್ದು ಮರಕ್ಕೆ ನೇಣು ಹಾಕಲಿಕ್ಕೆ, ಅಂದರು. ದನಿ ಏರಿಸಲಿಲ್ಲ. ಪಾತ್ರೆ ಒರೆಸುತ್ತಾ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೊತೆಗಾರ ಅವರ ಅಡುಗೆಮನೆಯಲ್ಲಿ ಒಂದು ಗಂಟೆ ಕೂತ. ಒಪ್ಪಿಸುವ ಮಾತೇ ಆಡಲಿಲ್ಲ. ಅವರು ಹೇಳಿದ್ದೆಲ್ಲ ಕೇಳಿದ. ಕೊನೆಗೆ ಅವರೇ ಒಂದು ಷರತ್ತು ಇಟ್ಟರು. ದಿನಾ ಸಂಜೆ ಏಳಕ್ಕೆ ಹುಡುಗ ಕ್ಷೇಮ ಅಂತ ಸುದ್ದಿ ಬರಬೇಕು. ಸ್ಯಾಟಲೈಟ್ ಮೆಸೇಜ್ ಕಳಿಸುವ ಸಣ್ಣ ಸಾಧನ ಕೊಳ್ಳಲು ನಾವು ಹಿಂದೆ ಮುಂದೆ ನೋಡುತ್ತಿದ್ದೆವು, ದುಡ್ಡು ಜಾಸ್ತಿ ಅಂತ. ಆ ವಾರವೇ ಕೊಂಡೆವು. ಈಗ ಎಲ್ಲ ಮನೆಗಳಿಗೂ ಏಳಕ್ಕೆ ಮೆಸೇಜ್ ಹೋಗುತ್ತದೆ. ಕಳಿಸುವವರು ಹುಡುಗರೇ.

ಆ ವರ್ಷದಿಂದ ಹುಡುಗರಿಗೆ ಮೊದಲ ಪಾಠ ರಿಚ್ಮಂಡ್‌ನಲ್ಲಿ. ಆ ಹಡಗು ಕಟ್ಟೆಗಳ ನೆನಪಿಗಾಗಿ ಅಲ್ಲೊಂದು ರಾಷ್ಟ್ರೀಯ ಉದ್ಯಾನ ಇದೆ. ಬೆಟ್ಟಿ ರೀಡ್ ಸೋಸ್ಕಿನ್ ಅಲ್ಲಿ ರೇಂಜರ್ ಆಗಿದ್ದರು. ಓಕ್ಲಂಡ್‌ನಲ್ಲೇ ಬೆಳೆದ ಕಪ್ಪು ಹೆಂಗಸು, 2022ರಲ್ಲಿ ನಿವೃತ್ತಿಯಾದಾಗ ಅವರಿಗೆ ನೂರು ವರ್ಷ. ರೇಂಜರ್ ಟೋಪಿ ಅಂಥ ತಲೆಯ ಮೇಲೂ ಇತ್ತು ಅಂತ ಹುಡುಗರು ತಿಳಿಯಬೇಕು. ಅದಾದ ಮೇಲೆ ಮಿಕ್ಕದ್ದು.

ಆಮೇಲೆ ತಯಾರಿಗೆ ನಾಲ್ಕು ಶನಿವಾರ ಬೇಕು. ಮೊದಲೆರಡು ಶನಿವಾರ ಊರ ಮೇಲಿನ ರೆಡ್‌ವುಡ್ ಪಾರ್ಕಿನಲ್ಲಿ. 19ನೇ ಶತಮಾನದಲ್ಲಿ ಅಲ್ಲಿನ ದೊಡ್ಡ ಮರಗಳನ್ನೆಲ್ಲ ಮನೆ ಕಟ್ಟಲು ಕಡಿದಿದ್ದರು. ಈಗಿರುವುದು ಆಮೇಲೆ ಚಿಗುರಿ ಎದ್ದ ಕಾಡು. ಓಕ್ಲಂಡ್‌ನ ಪೂರ್ವ ಭಾಗದಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಅಷ್ಟೇ. ಆದರೆ ಕಾರು ಇಲ್ಲದ ಮನೆಯ ಹುಡುಗ ಹದಿನಾರು ವರ್ಷ ಕೆಳಗೇ ಇದ್ದು ಒಮ್ಮೆಯೂ ಮೇಲೆ ಹತ್ತಿರುವುದಿಲ್ಲ.

ಬೂಟು, ಬ್ಯಾಗು, ಸ್ಲೀಪಿಂಗ್ ಬ್ಯಾಗು ಹುಡುಗರು ಕೊಳ್ಳಬೇಕಾಗಿಲ್ಲ. ನಾನು ಕನ್ನಡದ ಗೆಳೆಯರ ಗ್ಯಾರೇಜುಗಳನ್ನು ಸುತ್ತುತ್ತೇನೆ. ಒಂದೇ ಸಲ ಕ್ಯಾಂಪಿಂಗ್‌ಗೆ ಹೋಗಿ ಎತ್ತಿಟ್ಟ ಒಳ್ಳೊಳ್ಳೆ ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ. ಒಬ್ಬರು ಟೆಂಟ್ ಕೊಡುತ್ತಾ, "ಆ ಹುಡುಗರ ಜೊತೆ ರಾತ್ರಿ ಕಾಡಲ್ಲಿ ಇರ್ತೀರಾ? ಹುಷಾರು ಸಾರ್" ಅಂದರು. ನನಗೆ ತುಂಬಾ ನೋವಾಯಿತು. ಮುಂದಿನ ಶನಿವಾರ ಅವರನ್ನೇ ಕರೆದೆ. ಟೆಂಟ್ ಹಾಕುವುದನ್ನು ನೀವೇ ಕಲಿಸಿ ಅಂದೆ. ಬಂದರು. ಈಗ ಪ್ರತಿ ವರ್ಷ ಬರುತ್ತಾರೆ.

ಕಲಿಸುವ ವಿಷಯ ಸಾದಾ. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ, ಆದ್ದರಿಂದ ಟೋಪಿ ಇರುವ ಹತ್ತಿಯ ಹೂಡಿ ಮನೆಯಲ್ಲೇ ಇರಲಿ. ಭಾರದ ಸಾಮಾನು ಬ್ಯಾಗಿನಲ್ಲಿ ಬೆನ್ನಿಗೆ ಅಂಟಿಕೊಂಡಿರಬೇಕು. ಕಾಲು ಉರಿಯಲು ಶುರುವಾದ ಕೂಡಲೇ ನಿಲ್ಲಿಸಿ ಪಟ್ಟಿ ಹಾಕಬೇಕು, ಬೊಕ್ಕೆ ಬರುವವರೆಗೆ ಕಾಯಬಾರದು. ಇದನ್ನು ಹೇಳಿಕೊಳ್ಳಲು ಹುಡುಗರಿಗೆ ನಾಚಿಕೆ. ನೋವು ಹೇಳಿದರೆ ಗಂಡಸಲ್ಲ ಅಂತ ಎಲ್ಲೋ ಕಲಿತಿರುತ್ತಾರೆ. ಅದಕ್ಕೇ ಜೊತೆಗಾರ ಮೊದಲ ಮೈಲಿಯಲ್ಲೇ ತಾನೇ ಕೂತು, ಬೂಟು ಬಿಚ್ಚಿ, ಎಲ್ಲರೆದುರು ಹಿಮ್ಮಡಿಗೆ ಪಟ್ಟಿ ಹಚ್ಚುತ್ತಾನೆ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಕರಡಿಯದ್ದಲ್ಲ, ಬಯಲು ಕಡೆಗೆ ಹೋಗುವುದು. ನೀರಿನಿಂದ ಇನ್ನೂರು ಅಡಿ ದೂರ, ಆರರಿಂದ ಎಂಟು ಇಂಚು ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. ನಾನು ಊರಿನಲ್ಲಿ ಚೊಂಬು ಹಿಡಿದು ಬೆಳಗ್ಗೆ ತೋಟಕ್ಕೆ ಹೋಗುತ್ತಿದ್ದದ್ದನ್ನು ನೇರವಾಗಿ ಹೇಳುತ್ತೇನೆ. ಇಲ್ಲದಿದ್ದರೆ ಪಾಪ, ಎರಡು ದಿನ ಊಟ ಬಿಟ್ಟು ಕೂರುತ್ತಾರೆ. ಒಮ್ಮೆ ಹಾಗೇ ಆಗಿ ಒಬ್ಬ ಸುಸ್ತಾಗಿ ಬಿದ್ದಿದ್ದ.

ಮೂರನೇ ಶನಿವಾರ ಪ್ರಥಮ ಚಿಕಿತ್ಸೆಗೆ. ನಾಲ್ಕನೆಯದರಲ್ಲಿ ಸಮುದ್ರ ದಂಡೆಯ ಪಾಯಿಂಟ್ ರೇಯ್ಸ್‌ನಲ್ಲಿ ಒಂದು ರಾತ್ರಿ. 2017ರಲ್ಲಿ ಬೇರ್ ವ್ಯಾಲಿಯಿಂದ ವೈಲ್ಡ್‌ಕ್ಯಾಟ್ ಕ್ಯಾಂಪಿಗೆ ನಡೆದೆವು. ಆರು ಮೈಲಿಗಿಂತ ಸ್ವಲ್ಪ ಜಾಸ್ತಿ. ಹೊರಡುವ ಮೊದಲು ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ನಾಲ್ಕೇ ಕಾರಣಕ್ಕೆ ಬಾಯಿ ತೆರೆಯಬೇಕು: ಪೆಟ್ಟು, ಕತ್ತಲು, ನೀರಿನ ಸೆಳವು, ಸಿಡಿಲು. ದಾರಿ ತಪ್ಪಿದರೆ ಬಾಯಿ ಮುಚ್ಚಿರಬೇಕು.

ಅವತ್ತಿನ ನಾಯಕ ಆ ಅಜ್ಜಿಯ ಮೊಮ್ಮಗ. ಮಾತು ಕಡಿಮೆ. ಮೂರು ಮೈಲಿ ಆದ ಮೇಲೆ ಗ್ಲೆನ್ ಟ್ರೇಲ್ ಕಡೆ ಎಡಕ್ಕೆ ತಿರುಗಬೇಕಿತ್ತು. ಬೋರ್ಡ್ ಇದೆ. ಅವನು ಏನೋ ಮಾತಾಡುತ್ತಾ ನೇರ ನಡೆದ. ನಾನು ಬೋರ್ಡ್ ನೋಡಿದೆ. ಜೊತೆಗಾರನೂ ನೋಡಿದ. ಇಬ್ಬರೂ ಸುಮ್ಮನೆ ಹಿಂದೆ ನಡೆದೆವು. ಆ ಮೌನ ಎಷ್ಟು ಕಷ್ಟ ಅಂತ ಹೇಳಲಾರೆ. ಹತ್ತು ಸಲ ಬಾಯಿವರೆಗೆ ಮಾತು ಬಂತು. ನನ್ನ ಅಪ್ಪ ನನಗೆ ಸೈಕಲ್ ಕಲಿಸುವಾಗ ಯಾವಾಗ ಕೈ ಬಿಟ್ಟರು ಅಂತ ನನಗೆ ಗೊತ್ತೇ ಆಗಿರಲಿಲ್ಲ. ಬಿಟ್ಟವರಿಗೆ ಹೇಗಿತ್ತು ಅಂತ ಅವತ್ತು ತಿಳಿಯಿತು.

ಮರಗಳು ತೆಳುವಾದವು, ಗಾಳಿ ಜೋರಾಯಿತು, ಒಮ್ಮೆಲೇ ಎದುರಿಗೆ ಸಮುದ್ರ. ನಾಲ್ವರು ಹುಡುಗರು ಪೆಸಿಫಿಕ್ ಸಾಗರ ನೋಡಿದ್ದು ಅದೇ ಮೊದಲು. ಕೂಗಾಡಿದರು, ಫೋಟೋ ತೆಗೆದರು. ನಾಯಕ ಮಾತ್ರ ನಿಂತುಬಿಟ್ಟ. ಮ್ಯಾಪ್ ತೆಗೆದ. "ಸಮುದ್ರ ಇಷ್ಟು ಬೇಗ ಕಾಣಬಾರದಿತ್ತು" ಅಂದ. ನನ್ನ ಮುಖ ನೋಡಿದ. ನಾನು ಸಮುದ್ರ ನೋಡಿದೆ. ಜೊತೆಗಾರನ ಮುಖ ನೋಡಿದ. ಅವನು ನೀರು ಕುಡಿಯುತ್ತಿದ್ದ.

ಆಗ ಹುಡುಗ ಮ್ಯಾಪನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಎಲ್ಲರನ್ನೂ ಕರೆದ. ದಿಕ್ಸೂಚಿ ಇಟ್ಟು ಮ್ಯಾಪನ್ನು ಉತ್ತರಕ್ಕೆ ತಿರುಗಿಸಿದ. ಕೊನೆಯ ಬೋರ್ಡ್ ಎಲ್ಲಿ ನೋಡಿದ್ವಿ ಅಂತ ಕೇಳಿದ. ಒಬ್ಬ ಒಂದು ಹೇಳಿದ, ಇನ್ನೊಬ್ಬ ಮತ್ತೊಂದು. ವಾದ ಆಯಿತು. "ತಪ್ಪು ನನ್ನದು, ವಾಪಸ್ ಹೋಗಬೇಕು, ಯಾರಿಗೆ ಬ್ಯಾಗ್ ಭಾರ ಆಗಿದೆ ಹೇಳಿ, ಹಂಚಿಕೊಳ್ಳೋಣ" ಅಂದ. ಹದಿನಾರು ವರ್ಷದ ಹುಡುಗ. ತಪ್ಪು ನನ್ನದು ಅಂತ ಎಲ್ಲರ ಮುಂದೆ ಹೇಳಿದ ದೊಡ್ಡವರನ್ನು ನಾನು ಆಫೀಸಿನಲ್ಲಿ ಎಷ್ಟು ಜನ ನೋಡಿದ್ದೇನೆ?

ಕ್ಯಾಂಪ್ ಮುಟ್ಟಿದ್ದು ತಡವಾಗಿ, ಮಂಜಿನಲ್ಲಿ. ಏಳರ ಮೆಸೇಜ್ ಅವನೇ ಕಳಿಸಿದ. ದಾರಿ ತಪ್ಪಿದ್ದೆವು, ಈಗ ಸಿಕ್ಕಿದೆ, ಊಟ ಮಾಡ್ತಿದ್ದೀವಿ.

ದೊಡ್ಡ ಪ್ರವಾಸ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ. ಅಲ್ಲಿನ ಹುಲ್ಲುಗಾವಲು ಟುವಾಲಮಿ ಮೆಡೋಸ್ ಸುಮಾರು 8,600 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ಹೋದ ಮಕ್ಕಳಿಗೆ ತಲೆನೋವು ಗ್ಯಾರಂಟಿ. ಅದಕ್ಕೇ ಮೊದಲ ರಾತ್ರಿ ಅಲ್ಲೇ ಮಲಗಿ, ನೀರು ಕುಡಿಸಿ, ಮರುದಿನ ಲಯಲ್ ಕ್ಯಾನ್ಯನ್ ಹಿಡಿಯುತ್ತೇವೆ. ಸಮತಟ್ಟಾದ ದಾರಿ, ಪಕ್ಕದಲ್ಲೇ ಹೊಳೆ. ಮೊದಲ ನಾಲ್ಕು ಮೈಲಿಯೊಳಗೆ ಟೆಂಟ್ ಹಾಕುವಂತಿಲ್ಲ. ಊಟದ ಸಾಮಾನೆಲ್ಲ ಕರಡಿ ತೆರೆಯಲಾಗದ ಡಬ್ಬಿಯಲ್ಲಿ ಇರಬೇಕು. ಅದು ಅಲ್ಲಿನ ಕಾನೂನು. ಡಬ್ಬಿಯಲ್ಲಿ ಜಾಗ ಕಡಿಮೆ, ಆದ್ದರಿಂದ ಅವಲಕ್ಕಿ ಒಯ್ಯುತ್ತೇನೆ. ಒಗ್ಗರಣೆ, ಹುಣಿಸೆ ಪುಡಿ, ಬೆಲ್ಲ, ಖಾರ ಎಲ್ಲ ಮನೆಯಲ್ಲೇ ಸೇರಿಸಿಟ್ಟರೆ ಅಲ್ಲಿ ಬಿಸಿನೀರು ಹಾಕಿದರೆ ಸಾಕು. ಹುಡುಗರು ಅದರ ಮೇಲೆ ಖಾರದ ಚೀಟೋಸ್ ಪುಡಿ ಮಾಡಿ ಉದುರಿಸುತ್ತಾರೆ. ಚೆನ್ನಾಗಿರುತ್ತದೆ, ನಿಜ. ಅಸ್ತಮಾ ಇರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಇನ್ಹೇಲರ್ ಒಂದು ಅವರ ಜೇಬಿನಲ್ಲಿ, ಇನ್ನೊಂದು ನನ್ನ ಹತ್ತಿರ.

2018ರ ಆಗಸ್ಟಿನಲ್ಲಿ ಆ ದಾರಿಯಲ್ಲೇ ಒಂದು ಘಟನೆ. ನಾನು ಐವತ್ತು ಅಡಿ ಹಿಂದೆ ಇದ್ದೆ. ಎದುರಿಂದ ಬಂದವರೊಬ್ಬರು ಮುಂದಿದ್ದ ಹುಡುಗರನ್ನು ನಿಲ್ಲಿಸಿದರು. ನಿಮ್ಮ ಹತ್ತಿರ ಪರ್ಮಿಟ್ ಇದೆಯಾ, ಯಾರ ಜೊತೆ ಬಂದಿದ್ದೀರಿ ಅಂತ ಕೇಳಿದರು. ರೇಂಜರ್ ಅಲ್ಲ, ನಮ್ಮ ಹಾಗೇ ನಡೆಯಲು ಬಂದವರು. ಅದೇ ವರ್ಷ ಏಪ್ರಿಲ್‌ನಲ್ಲಿ ಓಕ್ಲಂಡ್‌ನ ಲೇಕ್ ಮೆರಿಟ್ ದಂಡೆಯಲ್ಲಿ ಇದ್ದಿಲು ಹಚ್ಚಿ ಮಾಂಸ ಸುಡುತ್ತಿದ್ದ ಕಪ್ಪು ಗಂಡಸರ ಮೇಲೆ ಒಬ್ಬ ಹೆಂಗಸು ಪೊಲೀಸರಿಗೆ ಫೋನ್ ಮಾಡಿದ್ದಳು. ಹುಡುಗರೆಲ್ಲ ಆ ವಿಡಿಯೋ ನೋಡಿದ್ದರು. ಅದಕ್ಕೇ ಪಾರ್ಕಿಂಗ್ ಜಾಗದಲ್ಲೇ ಇದನ್ನು ಅಭ್ಯಾಸ ಮಾಡಿಸಿದ್ದೆವು. ಪರ್ಮಿಟ್ ನಾಯಕನ ಹತ್ತಿರವೇ ಇರುತ್ತದೆ. ಅವನು ಜೇಬಿನಿಂದ ತೆಗೆದು ತೋರಿಸಿದ. "ನಾನು ಇವತ್ತಿನ ಲೀಡರ್. ಹತ್ತು ಜನ ಇದ್ದೀವಿ. ನಿಮ್ಮ ನಡಿಗೆ ಚೆನ್ನಾಗಿರಲಿ" ಅಂದ. ಅವರು ಮುಂದೆ ಬಂದು ನನಗೆ ನಗುತ್ತಾ ಗುಡ್ ಮಾರ್ನಿಂಗ್ ಹೇಳಿದರು. ನನ್ನನ್ನು ಏನೂ ಕೇಳಲಿಲ್ಲ.

ನನಗೂ ಒಬ್ಬ ಮಗ ಇದ್ದಾನೆ. ಅವನಿಗೆ ನಾನು ಇದನ್ನು ಯಾವತ್ತೂ ಅಭ್ಯಾಸ ಮಾಡಿಸಿಲ್ಲ. ಈ ಹುಡುಗರಿಗೆ ಮಾಡಿಸಬೇಕಾಗಿ ಬರುವುದು ಅನ್ಯಾಯ. ಮಾಡಿಸದೆ ಕಳಿಸುವುದು ಇನ್ನೂ ದೊಡ್ಡ ತಪ್ಪು.

ಅವತ್ತು ರಾತ್ರಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆಮೇಲೆ ಜೊತೆಗಾರ ಚಾರ್ಲ್ಸ್ ಯಂಗ್ ಕಥೆ ಹೇಳಿದ. ಕೆಂಟಕಿಯಲ್ಲಿ 1864ರಲ್ಲಿ ಗುಲಾಮ ತಂದೆತಾಯಿಗೆ ಹುಟ್ಟಿದವರು. ಸೈನ್ಯದಲ್ಲಿ ಕ್ಯಾಪ್ಟನ್ ಆದರು. 1903ರಲ್ಲಿ ಇಲ್ಲಿಂದ ದಕ್ಷಿಣಕ್ಕಿರುವ ಸಿಕೋಯಾ ಉದ್ಯಾನದ ಉಸ್ತುವಾರಿ ಅವರ ಕೈಗೆ ಬಂತು. ರಾಷ್ಟ್ರೀಯ ಉದ್ಯಾನವೊಂದನ್ನು ನಡೆಸಿದ ಮೊದಲ ಕಪ್ಪು ಅಧಿಕಾರಿ ಅವರು. ಆ ಒಂದು ಬೇಸಿಗೆಯಲ್ಲಿ ಅವರ ಸೈನಿಕರು ದೈತ್ಯ ಮರಗಳ ಕಾಡಿಗೆ ಗಾಡಿ ಹೋಗುವ ರಸ್ತೆ ಮಾಡಿ ಮುಗಿಸಿದರು. ಅದೇ ಕಾಲದಲ್ಲಿ ಯೊಸೆಮಿಟಿಯನ್ನು ಕಾಯುತ್ತಿದ್ದವರೂ ಕಪ್ಪು ಸೈನಿಕರು, ಕುದುರೆಯ ಮೇಲೆ.

"ಇಲ್ಲಿ?" ಅಂತ ಕತ್ತಲಲ್ಲಿ ಯಾರೋ ಕೇಳಿದರು.

"ಈ ಬೆಟ್ಟಗಳಲ್ಲೇ" ಅಂದ ಜೊತೆಗಾರ.

ಮರುದಿನ ನಡಿಗೆ ಬೇರೆ ಥರ ಇತ್ತು. ನನಗೆ ಹಾಗನ್ನಿಸಿತು.

ಎಲ್ಲರೂ ಬದಲಾಗುತ್ತಾರೆ ಅಂತ ನಾನು ಹೇಳುವುದಿಲ್ಲ. ಇಬ್ಬರು ನಡುವೆ ಬಿಟ್ಟುಹೋದರು. ಒಬ್ಬನ ಮನೆಯವರು ಬಾಡಿಗೆ ಕಟ್ಟಲಾಗದೆ ಊರನ್ನೇ ಬಿಟ್ಟರು. ನಾಲ್ಕು ರಾತ್ರಿ ಟೆಂಟಿನಲ್ಲಿ ಮಲಗಿದ್ದಕ್ಕೆ ಬಾಡಿಗೆ ಕಡಿಮೆಯಾಗುವುದಿಲ್ಲ. ಅದಕ್ಕೇ ಬೆಟ್ಟದಿಂದ ಇಳಿದ ಮೇಲೂ ತಿಂಗಳಿಗೊಮ್ಮೆ ಸೇರುತ್ತೇವೆ. ಕಾಲೇಜು ಅರ್ಜಿ, ಡ್ರೈವಿಂಗ್ ಟೆಸ್ಟ್, ಮನೆಯ ಜಗಳ, ಏನು ಬೇಕಾದರೂ ಮಾತಾಡಬಹುದು. ಈ ಕೆಲಸ ಶುರು ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ: ಒಂದು ಪ್ರವಾಸಕ್ಕೆ ಬರುವುದಾದರೆ ಬರಬೇಡಿ, ಮೂರು ವರ್ಷ ಇರುವುದಾದರೆ ಬನ್ನಿ. ಬೆರಳಚ್ಚು ಪರೀಕ್ಷೆ ಮಾಡಿಸಿ, ಕಾಡಿನ ಪ್ರಥಮ ಚಿಕಿತ್ಸೆ ಕಲಿಯಿರಿ, ಹುಡುಗನೊಬ್ಬನ ಜೊತೆ ಒಂಟಿಯಾಗಿ ಎಲ್ಲೂ ಇರಬೇಡಿ. ಇವು ಕಟ್ಟುನಿಟ್ಟು.

ಆ ಅಜ್ಜಿಯ ಮೊಮ್ಮಗ ಕಾಲೇಜಿಗೆ ಸೇರಿದ ಮೇಲೆ ನಮ್ಮ ಜೊತೆಗೇ ಬರಲು ಶುರು ಮಾಡಿದ, ಹೊಸ ಹುಡುಗರನ್ನು ನೋಡಿಕೊಳ್ಳಲು. 2019ರಲ್ಲಿ ಮನೆಯವರಿಗಾಗಿ ರೆಡ್‌ವುಡ್ ಪಾರ್ಕಿನಲ್ಲಿ ಒಂದು ಭಾನುವಾರ ಇಟ್ಟುಕೊಂಡೆವು. ಅಜ್ಜಿ ಬಂದರು. ಅರ್ಧ ಮೈಲಿ ನಡೆದರು, ನಿಧಾನಕ್ಕೆ. ಅವನು ಮಡಚುವ ಕುರ್ಚಿ ಹೊತ್ತು ಪಕ್ಕದಲ್ಲೇ ನಡೆದ. ಎಲ್ಲಿ ನಿಂತರೋ ಅಲ್ಲಿ ಕುರ್ಚಿ ಬಿಡಿಸಿದ. ಅವರು ಕೂತು ಬಹಳ ಹೊತ್ತು ಮರಗಳ ತುದಿ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಅವನ ಜೇಬಿನಲ್ಲಿದ್ದ ಮ್ಯಾಪ್ ಕಡೆ ಕೈ ಮಾಡಿದರು.

"ನಾವೀಗ ಎಲ್ಲಿದ್ದೀವಿ, ತೋರ್ಸು."

ಅವನು ಮಂಡಿಯೂರಿ ಅವರ ತೊಡೆಯ ಮೇಲೆ ಮ್ಯಾಪ್ ಬಿಡಿಸಿದ.